ಸಾರಸ್ ವಿಮಾನ: ತೂಕ ಮೀರಿದ ಲೆಕ್ಕಾಚಾರ

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿರುವುದರಿಂದ ಗೋಕಾಕ, ಮೂಡಲಗಿ, ತುಕ್ಕಾನಟ್ಟಿ ಭಾಗದ ಉದ್ಯಮಿಗಳಿಗೆ ಈ ಕ್ಷೇತ್ರ ಈಗ ದೂರದ್ದಾಗಿ ಉಳಿದಿಲ್ಲ. ಆದರೆ ಬಿಡಿಭಾಗ ತಯಾರಿಸುವುದು ಬೇರೆ, ಇಡೀ ವಿಮಾನವನ್ನು ವಿನ್ಯಾಸಗೊಳಿಸಿ ಮಾರುಕಟ್ಟೆಗೆ ತರುವುದು ಬೇರೆ. ಈ ಎರಡರ ಅಂತರವನ್ನು ಅರಿಯಲು ನಮ್ಮ ರಾಜ್ಯದಲ್ಲೇ ರೂಪುಗೊಂಡ ‘ಸಾರಸ್’ ವಿಮಾನದ ಇತಿಹಾಸವನ್ನು ಗಮನಿಸಬೇಕು.

ಸಾರಸ್ ಟರ್ಬೊಪ್ರಾಪ್ ವರ್ಗದ ವಿಮಾನ. ಇಲ್ಲಿ ಟರ್ಬೈನ್ ಯಂತ್ರದ ಶಕ್ತಿಯಿಂದ ಪ್ರೊಪೆಲ್ಲರ್ ತಿರುಗುತ್ತದೆ. ಕಿರಿದಾದ ಓಡುದಾರಿ, ಕಡಿಮೆ ದೂರದ ಪ್ರಯಾಣಗಳಿಗೆ ಜೆಟ್‌ಗಿಂತ ಇದು ಮಿತವ್ಯಯಕಾರಿ. ವಾಣಿಜ್ಯೋದ್ಯಮಿಗಳ ಪ್ರಯಾಣಕ್ಕೆಂದೇ ಅಮೆರಿಕದ ಗ್ರಮ್ಮನ್ ಸಂಸ್ಥೆ ರೂಪಿಸಿದ ಗಲ್ಫ್‌ಸ್ಟ್ರೀಮ್-1 ವಿಮಾನ 1958ರಲ್ಲಿ ಮೊದಲು ಹಾರಿತು. ಅಂಥ 200 ವಿಮಾನಗಳು ತಯಾರಾದವು. 1964ರಲ್ಲಿ ಬಂದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಮಾಲಿಕೆಯಲ್ಲಿ 7,000ಕ್ಕೂ ಹೆಚ್ಚು ವಿಮಾನಗಳು ಮಾರಾಟವಾಗಿವೆ. ವಿನ್ಯಾಸದ ವೆಚ್ಚ ಇಷ್ಟು ಸಂಖ್ಯೆಯ ಮೇಲೆ ಹಂಚಿಹೋದಾಗ ಮಾತ್ರ ಈ ವ್ಯವಹಾರ ಗಿಟ್ಟುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) ಇಂಥದೇ ಲಘು ಸಾರಿಗೆ ವಿಮಾನವೊಂದನ್ನು ರಷ್ಯಾದ ಮ್ಯಾಸಿಶ್ಚೆವ್ ವಿನ್ಯಾಸ ಸಂಸ್ಥೆಯ ಜೊತೆಗೂಡಿ ರೂಪಿಸಲು 1991ರಲ್ಲಿ ಮುಂದಾಯಿತು. ಹಣಕಾಸಿನ ಮುಗ್ಗಟ್ಟಿನಿಂದ ರಷ್ಯಾದ ಸಂಸ್ಥೆ ಹಿಂದೆ ಸರಿಯಿತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ವಿಧಿಸಿದ ನಿರ್ಬಂಧಗಳೂ ತೊಡಕಾದವು. 1999ರ ಸೆಪ್ಟೆಂಬರ್‌ನಲ್ಲಿ ಯೋಜನೆಗೆ ಮಂಜೂರಾತಿ ದೊರೆತಾಗ 2001ರ ಮಾರ್ಚ್ ವೇಳೆಗೆ ಹಾರಾಟ ನಡೆಯಬೇಕೆಂದಿತ್ತು. ವಾಸ್ತವದಲ್ಲಿ ಮೊದಲ ಮೂಲಮಾದರಿ ಹಾರಿದ್ದು 2004ರ ಮೇ 29ರಂದು.

ವಿಳಂಬಕ್ಕಿಂತಲೂ ಗಂಭೀರವಾದುದು ತೂಕದ ಪ್ರಶ್ನೆ. ಖಾಲಿ ವಿಮಾನದ ತೂಕ ಸುಮಾರು 4,125 ಕಿಲೋಗ್ರಾಂ ಇರಬೇಕೆಂಬುದು ವಿನ್ಯಾಸದ ಗುರಿ. ಸಿದ್ಧವಾದ ವಿಮಾನ ಸುಮಾರು 5,118 ಕಿಲೋಗ್ರಾಂ ತೂಗಿತು. ನಮ್ಮ ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ತೂಕದ ಮೇಲೆ ದರ ಕಟ್ಟುವುದುಂಟು. ಅಲ್ಲಿ ಅರ್ಧ ಕಿಲೋ ಹೆಚ್ಚಾದರೆ ಬಿಲ್ಲಿನಲ್ಲಿ ಅದಕ್ಕೂ ಹಣ ಬಂದೀತು. ವಿಮಾನದಲ್ಲಿ ಲೆಕ್ಕ ತಿರುವುಮುರುವು. ನೆಲ ಬಿಟ್ಟು ಏಳಬಹುದಾದ ಗರಿಷ್ಠ ತೂಕಕ್ಕೆ ಮಿತಿಯಿರುವುದರಿಂದ, ಒಡಲಿಗೆ ಸೇರಿದ ಪ್ರತಿ ಕಿಲೋಗ್ರಾಂ ಪ್ರಯಾಣಿಕರಿಂದ ಇಲ್ಲವೇ ಇಂಧನದಿಂದ ಕಡಿತವಾಗುತ್ತದೆ. ಸಾಮಾನು ಸಹಿತ ಒಬ್ಬ ಪ್ರಯಾಣಿಕನಿಗೆ 100 ಕಿಲೋಗ್ರಾಂ ಹಿಡಿದರೆ, ಈ ಹೆಚ್ಚುವರಿ ತೂಕ ಸುಮಾರು ಹತ್ತು ಮಂದಿಗೆ ಸಮ. ಸಾರಸ್‌ನ ಆಸನಗಳೇ 14! ಹೆಚ್ಚು ಶಕ್ತಿಯ ಯಂತ್ರ ಜೋಡಿಸುವುದು ಒಂದು ಪರಿಹಾರ. ಆದರೆ ಅದರಿಂದ ಇಂಧನದ ಖರ್ಚೂ ಏರುತ್ತದೆ.

2007ರ ಏಪ್ರಿಲ್ 18ರಂದು ಹಾರಿದ ಎರಡನೆಯ ಮೂಲಮಾದರಿಯಲ್ಲಿ ಕೆನಡಾದ ಪ್ರಾಟ್ ಅಂಡ್ ವಿಟ್ನಿ ಸಂಸ್ಥೆಯ ಹೆಚ್ಚು ಶಕ್ತಿಶಾಲಿ ಯಂತ್ರಗಳನ್ನು ಅಳವಡಿಸಲಾಗಿತ್ತು. ಒಡಲಿನ ತೂಕ ಇಳಿಸುವ ಪ್ರಯತ್ನವೂ ನಡೆದಿತ್ತು. ಯಂತ್ರಗಳನ್ನು ವಿಮಾನದ ಹಿಂಭಾಗದಲ್ಲಿ, ಪ್ರೊಪೆಲ್ಲರ್ ಹಿಮ್ಮುಖವಾಗಿರುವಂತೆ ಕೂರಿಸಿದ್ದು ಸಾರಸ್‌ನ ವೈಶಿಷ್ಟ್ಯ. ಇದರಿಂದ ಪ್ರಯಾಣಿಕರಿಗೆ ಸದ್ದು ಕಡಿಮೆ.

2009ರ ಮಾರ್ಚ್ 6ರಂದು ಈ ವಿಮಾನ ಬಿಡದಿಯ ಬಳಿ ಪತನವಾಯಿತು. ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳೂ ಒಬ್ಬ ಪರೀಕ್ಷಾ ಇಂಜಿನಿಯರೂ ಪ್ರಾಣ ಕಳೆದುಕೊಂಡರು. ಹಾರಾಟದ ನಡುವೆ ಒಂದು ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅಂದು ನಡೆದಿತ್ತು. ಮರುಚಾಲನೆಗೆ ರೂಪಿಸಿಕೊಟ್ಟಿದ್ದ ಕ್ರಮವೇ ದೋಷಯುಕ್ತವಾಗಿತ್ತೆಂದು ತನಿಖೆ ತಿಳಿಸಿತು. ಕಾರ್ಖಾನೆ ನಡೆಸುವವರು ಇದನ್ನು ಎರಡು ಬಾರಿ ಓದಬೇಕು: ಲಿಖಿತ ಕಾರ್ಯವಿಧಾನವೂ ಯಂತ್ರದ ಒಂದು ಭಾಗವೇ, ಅದಕ್ಕೂ ತಪಾಸಣೆ ಬೇಕು.

ಬಳಿಕ ಕೆಲಸ ಕುಂಟುತ್ತ ಸಾಗಿ, 2016ರ ಆರಂಭದ ಹೊತ್ತಿಗೆ ಅನುದಾನವಿಲ್ಲದೆ ನಿಂತೇಹೋಯಿತು. ಒಂದು ವಿಮಾನವೂ ಮಾರಾಟವಾಗಿರಲಿಲ್ಲ, ನಾಗರಿಕ ಬಳಕೆಯ ಪ್ರಮಾಣಪತ್ರವೂ ಸಿಕ್ಕಿರಲಿಲ್ಲ. ಖಾಸಗಿ ಕಂಪನಿಯಾಗಿದ್ದರೆ ಲೆಕ್ಕ ಪರಿಶೋಧಕರು ಈ ವೆಚ್ಚವನ್ನು ನಷ್ಟಕ್ಕೆ ಬರೆಯಲು ಸೂಚಿಸುತ್ತಿದ್ದರು. ಆದರೆ ಹಾಗೆ ಬರೆದುಬಿಟ್ಟರೆ ಇಂಜಿನಿಯರುಗಳು ಗಳಿಸಿದ ಅನುಭವವನ್ನು ಯಾವ ಕಲಮಿನಲ್ಲಿ ತೋರಿಸುವುದು ಎಂಬ ಪ್ರಶ್ನೆ ಉಳಿಯುತ್ತದೆ. ಸರ್ಕಾರ ಯೋಜನೆಗೆ ಮರುಜೀವ ನೀಡಿತು. ಮೊದಲ ಮೂಲಮಾದರಿಯನ್ನೇ ಮಾರ್ಪಡಿಸಿ 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಹಾರಿಸಲಾಯಿತು. ಆ ಹಾರಾಟಗಳ ಬೆನ್ನಲ್ಲೇ 19 ಆಸನಗಳ ಸಾರಸ್ ಮಾರ್ಕ್-2 ವಿನ್ಯಾಸವನ್ನು ಎನ್‌ಎಎಲ್ ಕೈಗೆತ್ತಿಕೊಂಡಿತು.