ಚಂದ್ರನಲ್ಲಿ ಮರಳು ಹೇಗೆ ಸುರಿದೀತು?

ಕಣಜದಿಂದ ರಾಗಿಯನ್ನು ಸುರಿದರೆ ಅದು ನೀರಿನಂತೆ ಹರಿಯುತ್ತದೆ. ರಾಶಿ ಹಾಕಿದರೆ ಘನವಸ್ತುವಿನಂತೆ ನಿಲ್ಲುತ್ತದೆ. ಮರಳು, ಸಕ್ಕರೆ, ಸಿಮೆಂಟು ಇವುಗಳ ಸ್ವಭಾವವೂ ಇದೇ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ದ್ರವಗಳಿಗಾಗಿ ವಾರಗಟ್ಟಲೆ ಪಾಠ ಹೇಳುತ್ತೇವೆ. ಈ ಕಣರಾಶಿಗಳಿಗೆ ಒಂದು ಗಂಟೆಯನ್ನೂ ಮೀಸಲಿಡುವುದಿಲ್ಲ.

ತೊಟ್ಟಿಯ ತಳದಲ್ಲಿ ಒತ್ತಡವು ನೀರಿನ ಎತ್ತರದೊಡನೆ ಏರುತ್ತದೆ. ಕಣಜದಲ್ಲಿ ಹಾಗಲ್ಲ. ಕಾಳುಗಳು ಒಂದಕ್ಕೊಂದು ಆತುಕೊಂಡು ಭಾರದ ಬಹುಪಾಲನ್ನು ಗೋಡೆಗೆ ಹೊರಿಸುತ್ತವೆ. ಆದುದರಿಂದ ಒಂದು ಮಿತಿಯ ಮೇಲೆ ಎಷ್ಟು ತುಂಬಿದರೂ ತಳದ ಒತ್ತಡ ಹೆಚ್ಚದು. ಜರ್ಮನಿಯ ಯಾನ್ಸೆನ್ 1895ರಲ್ಲಿಯೇ ಇದನ್ನು ವಿವರಿಸಿದನು. ತಳದ ರಂಧ್ರದಿಂದ ಕಾಳು ಸುರಿಯುವ ವೇಗವೂ ರಾಶಿಯ ಎತ್ತರವನ್ನು ಅವಲಂಬಿಸದು. ಬೆವರ್ಲೂ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಸೂತ್ರದಂತೆ ಅದು ಗುರುತ್ವದ ವರ್ಗಮೂಲವನ್ನು ಅನುಸರಿಸುತ್ತದೆ. ಚಂದ್ರನ ಗುರುತ್ವವು ಭೂಮಿಯದರ ಆರನೆಯ ಒಂದು ಪಾಲು. ಹಾಗಾದರೆ ಇಲ್ಲಿ ಒಂದು ನಿಮಿಷದಲ್ಲಿ ಬರಿದಾಗುವ ಮರಳುಗಡಿಯಾರಕ್ಕೆ ಅಲ್ಲಿ ಸುಮಾರು ಎರಡೂವರೆ ನಿಮಿಷ ಬೇಕು. ಇದು ದಪ್ಪ, ಒಣ ಕಣಗಳ ಮಾತು. ಧೂಳಿನ ಕಣಗಳಲ್ಲಾದರೋ ತೂಕ ಇಳಿದರೂ ಪರಸ್ಪರ ಅಂಟುವ ಬಲ ಇಳಿಯದು, ಹರಿವು ಕಟ್ಟಿಕೊಳ್ಳಲೂಬಹುದು.

ಇದು ಬರಿಯ ಕುತೂಹಲವಲ್ಲ. 2009ರಲ್ಲಿ ಮಂಗಳದ ಮೇಲೆ ‘ಸ್ಪಿರಿಟ್’ ಗಾಡಿಯ ಚಕ್ರಗಳು ಸಡಿಲ ಮರಳಿನಲ್ಲಿ ಹೂತವು. ಅದು ಮತ್ತೆ ಹೊರಬರಲಿಲ್ಲ. 2020ರಲ್ಲಿ ‘ಬೆನ್ನು’ ಕ್ಷುದ್ರಗ್ರಹವನ್ನು ಮುಟ್ಟಿದ ನೌಕೆಯ ತೋಳು ಗಟ್ಟಿ ನೆಲವನ್ನು ಕಾಣದೆ ಸುಮಾರು ಅರ್ಧ ಮೀಟರ್ ಒಳಗಿಳಿಯಿತು. ಇಂಥ ಗಾಡಿಗಳನ್ನು ಪರೀಕ್ಷಿಸುವಾಗ ಅವುಗಳ ತೂಕವನ್ನು ತಗ್ಗಿಸಿ ಭೂಮಿಯ ಮರಳಿನಲ್ಲಿ ಓಡಿಸುವುದು ವಾಡಿಕೆ. ಗಾಡಿಯೇನೋ ಹಗುರವಾಯಿತು, ಮರಳು? ಅದು ಇಲ್ಲಿನ ಗುರುತ್ವದಲ್ಲಿಯೇ ಬಿಗಿದುಕೊಂಡಿರುತ್ತದೆ. ಆದಕಾರಣ ಈ ಪರೀಕ್ಷೆಗಳು ಮಿತಿಮೀರಿದ ಭರವಸೆ ನೀಡುತ್ತವೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಗಣಕದ ನೆರವಿನಿಂದ ತೋರಿಸಿದರು.

ಹಾಗಿದ್ದರೆ ಮರಳಿನ ತೂಕವನ್ನೇ ತಗ್ಗಿಸುವುದೆಂತು? ವಿಮಾನವನ್ನು ಎಸೆದ ಕಲ್ಲಿನ ಪಥದಲ್ಲಿ ಹಾರಿಸಿದರೆ ಸುಮಾರು 22 ಸೆಕೆಂಡು ಒಳಗಿನ ವಸ್ತುಗಳಿಗೆ ತೂಕವಿರದು. ಪಥವನ್ನು ಬದಲಿಸಿ ಚಂದ್ರನ ಇಲ್ಲವೆ ಮಂಗಳನ ಗುರುತ್ವವನ್ನೂ ಪಡೆಯಬಹುದು. ತೊಡಕೂ ಉಂಟು: ಮೇಲೇರುವಾಗ ತೂಕವು ಸುಮಾರು 1.8ರಷ್ಟಾಗಿ ಮರಳು ಅದುಮಿಕೊಳ್ಳುತ್ತದೆ.

ನಾಸಾ ಸಂಸ್ಥೆಯ ಇಂಥ ಹಾರಾಟಗಳಲ್ಲಿ ಶಾಲಾ ಉಪಾಧ್ಯಾಯರೂ ಪ್ರಯೋಗಗಳೊಡನೆ ಪಾಲುಗೊಂಡಿದ್ದಾರೆ. ಅಮೆರಿಕದಲ್ಲಿ ಬೇಸಿಗೆಯ ಕೆಲವು ವಾರ ಉಪಾಧ್ಯಾಯರನ್ನು ಸಂಶೋಧನಾಲಯದಲ್ಲಿ ದುಡಿಸಿಕೊಳ್ಳುವ ಯೋಜನೆಗಳೂ ನಡೆದಿವೆ. ಇದರಿಂದ ಫಲವೇನು? ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಯೊಂದರ ಮುಂದೆ ನಿಂತ ಉಪಾಧ್ಯಾಯನು ತರಗತಿಗೆ ಮರಳುವಾಗ ಕೇವಲ ಉತ್ತರಗಳನ್ನು ತರುವುದಿಲ್ಲ. ಅಳೆದು ನೋಡುವ, ತಪ್ಪನ್ನು ಒಪ್ಪುವ ಅಭ್ಯಾಸವನ್ನು ತರುತ್ತಾನೆ.

ವಿಮಾನವಿಲ್ಲವೆಂದು ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಪ್ಲಾಸ್ಟಿಕ್ ಸೀಸೆಯೊಂದರ ತಳವನ್ನು ಕತ್ತರಿಸಿ, ಮುಚ್ಚಳದಲ್ಲಿ ಒಂದು ಸೆಂಟಿಮೀಟರ್ ಅಗಲದ ರಂಧ್ರ ಮಾಡಿ, ತಲೆಕೆಳಗಾಗಿ ಹಿಡಿದು ರಾಗಿ ತುಂಬಿರಿ. ಕಾಳು ಸುರಿಯುತ್ತಿರುವಾಗಲೇ ಮೂರು ಮೀಟರ್ ಎತ್ತರದಿಂದ ಗೋಣಿಚೀಲಗಳ ಮೇಲೆ ಅದನ್ನು ಬಿಡಿರಿ. ಬೀಳುವ ಮುಕ್ಕಾಲು ಸೆಕೆಂಡಿನಲ್ಲಿ ಹೊಸ ಕಾಳು ಹೊರಬೀಳುವುದು ನಿಂತುಹೋಗುತ್ತದೆ. ಮೊಬೈಲ್ ಫೋನಿನ ನಿಧಾನಚಿತ್ರದಲ್ಲಿ ಇದನ್ನು ಕಾಣಬಹುದು. ಏಕೆ ನಿಂತಿತೆಂದು ವಿದ್ಯಾರ್ಥಿಗಳನ್ನು ಕೇಳಿರಿ. ಉತ್ತರವನ್ನು ಮಾತ್ರ ಕೂಡಲೇ ಹೇಳಿಬಿಡಬೇಡಿರಿ.