ಮನೆಪತ್ರ ಓದುವ ಮುನ್ನ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಮನೆ ಕೊಳ್ಳಹೊರಟ ನಮ್ಮವರು, ತೆಲುಗು ಲಿಪಿ ನಮ್ಮದರಂತೆಯೇ ಇದೆಯೆಂದು ಪತ್ರಗಳನ್ನು ತಾವೇ ಓದಿಕೊಂಡು ನಿಶ್ಚಿಂತರಾಗುವುದುಂಟು. ಅಕ್ಷರ ತಿಳಿದರೆ ಸಾಲದು. ಅಲ್ಲಿ ‘ತನಖಾ’ ಎಂದಿದ್ದರೆ ಅದು ನಮ್ಮ ತನಿಖೆಯಲ್ಲ. ಮನೆ ಅಡಮಾನವಾಗಿದೆ ಎಂದರ್ಥ!

ಮುಂಗಡ ಕೊಡುವ ಮೊದಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿರಿ. ಅದರಲ್ಲಿ ಕಾಣುವುದು ರಿಜಿಸ್ಟರಾದ ವ್ಯವಹಾರ ಮಾತ್ರ. ಪತ್ರಗಳನ್ನು ಯಾರಲ್ಲೋ ಒತ್ತೆಯಿಟ್ಟು ತಂದ ಸಾಲ ಕಾಣದಿರಬಹುದು. ಆದ್ದರಿಂದ ನಕಲಿಗೆ ಒಪ್ಪದೆ ಮೂಲಪತ್ರಗಳನ್ನೇ ಕಣ್ಣಾರೆ ನೋಡಿರಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಬರಿಯ ಕ್ರಯದ ಕರಾರಿನಿಂದ ಮನೆಯ ಹಕ್ಕು ಬಾರದು. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೂ ಅಷ್ಟೇ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮಾರುವವರು ಸಾಲ ತೀರಿದೊಡನೆ ಅಡಮಾನ ಬಿಡುಗಡೆಯ ಪತ್ರವನ್ನು ರಿಜಿಸ್ಟರ್ ಮಾಡಿಸಲಿ. ಇಲ್ಲವಾದರೆ ಇ.ಸಿ.ಯಲ್ಲಿ ಹಳೆಯ ತನಖಾ ಹಾಗೆಯೇ ನಿಂತು, ಬಂದ ಗಿರಾಕಿ ಹಿಂದೆ ಸರಿಯುತ್ತಾನೆ.