ದೇವರ ಮೀನು ಮತ್ತು ತೋಟದ ಮೈಲುತುತ್ತು

ಪಂಜ ಸೀಮೆಯ ತೋಡುಗಳ ನೀರು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಈ ಹೊಳೆಗಳ ಹೆಸರಾದ ಮೀನು ಮಹಶೀರ್. ಏನೆಕಲ್ಲು, ತೊಡಿಕಾನಗಳ ದೇವರ ಗುಂಡಿಗಳಲ್ಲಿ ಭಕ್ತರು ಹಾಕುವ ಅಕ್ಕಿಗೆ ಮುತ್ತುವುದು ಇದೇ. ಗುಂಡಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಹೊರಗೆ ಸಂತತಿ ಕ್ಷೀಣಿಸುತ್ತಿದೆ. ಗುಂಡಿಯೂ ಪೂರ್ತಿ ಸುರಕ್ಷಿತವಲ್ಲ: 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದಾಗ ದೇವರ ಮೀನುಗಳು ಸತ್ತು ತೇಲಿದವು.

ಮಳೆಗಾಲದ ನೆರೆನೀರಿನಲ್ಲಿ ಮಹಶೀರ್ ಪ್ರವಾಹಕ್ಕೆದುರಾಗಿ ಈಜಿ, ಜಲ್ಲಿಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಕಾಟ್ಲಾ, ರೋಹುಗಳಿಗೆ ಹೋಲಿಸಿದರೆ ಮೊಟ್ಟೆಗಳು ಬಹಳ ಕಡಿಮೆ, ಬೆಳವಣಿಗೆಯೂ ನಿಧಾನ. ಆದುದರಿಂದ ಒಮ್ಮೆ ಕುಗ್ಗಿದ ಸಂತತಿ ಬೇಗ ಚೇತರಿಸಿಕೊಳ್ಳದು.

ಮರಳು ತೆಗೆಯುವುದು, ತೋಟೆ ಸಿಡಿಸುವುದು ಎಲ್ಲರೂ ಬಲ್ಲ ಕಾರಣಗಳು. ಹೆಚ್ಚಿನವರ ಗಮನಕ್ಕೆ ಬಾರದಿರುವುದು ಕೊಳೆರೋಗದ ಮದ್ದು. ಅಡಿಕೆಗೆ ಬೋರ್ಡೋ ಸಿಂಪಡಿಸುವುದೂ ಇದೇ ಮಳೆಗಾಲದಲ್ಲಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು: ಅದರ ತಾಮ್ರ ಗೊನೆಯ ಮೇಲಿದ್ದರೆ ರೋಗವನ್ನು ತಡೆಯುತ್ತದೆ, ತೋಡಿಗಿಳಿದರೆ ಮರಿಗಳ ಕಿವಿರುಗಳನ್ನು ಕೆಡಿಸುತ್ತದೆ. ಡ್ರಮ್ಮು, ಪಂಪುಗಳನ್ನು ತೋಡಿನಲ್ಲಿ ತೊಳೆಯಲೇಬಾರದು. ದ್ರಾವಣವನ್ನು ಆಯಾ ದಿನಕ್ಕೆ ಬೇಕಾದಷ್ಟೇ ತಯಾರಿಸಿದರೆ ಚೆಲ್ಲುವ ಪ್ರಶ್ನೆಯೇ ಬಾರದು. ಮರುದಿನಕ್ಕೆ ಉಳಿದದ್ದು ಹೇಗೂ ಗೊನೆಗೆ ಸರಿಯಾಗಿ ಅಂಟುವುದಿಲ್ಲ.